ಎಂಟು ಬಾಕ್ಸಿನ ಮರ್ಯಾದೆ

ಚಳ್ಳಕೆರೆಯ ಜಂಬುಲಿಂಗಪ್ಪನಿಗೆ ಸಿಟ್ಟು ಬಂದಿದೆ ಎಂದರೆ ಊರಿನಲ್ಲಿ ಯಾರೂ ತಲೆಯೆತ್ತಿ ನೋಡುವುದಿಲ್ಲ. ಬಂದಿಲ್ಲ ಎಂದು ಸುದ್ದಿಯಾದರೆ ಮಾತ್ರ, ಮೈಗೆ ಹುಷಾರಿಲ್ಲವೇನೋ ಎಂದು ನಾಲ್ಕು ಜನ ಹೋಗಿ ವಿಚಾರಿಸಿಕೊಂಡು ಬರುತ್ತಾರೆ.

ಎಣ್ಣೆ ಮಿಲ್ಲುಗಳ ರಸ್ತೆಯಲ್ಲಿ ಅವನದೊಂದು ಅಂಗಡಿ, ‘ಮಾರಮ್ಮ ಸೌಂಡ್ಸ್’. ಮದುವೆ, ತೊಟ್ಟಿಲು, ತಿಥಿ, ಪಕ್ಷದ ಸಭೆ, ಯಾವುದೇ ಇರಲಿ, ಮೈಕ್ ಸೆಟ್ಟು ಅವನದು. ಶೇಂಗಾ ಮಿಲ್ಲಿನ ಗದ್ದಲದ ಮೇಲೆ ಮಾತಾಡಿ ಮಾತಾಡಿ ಅವನ ಗಂಟಲು ಹೇಗೆ ಪಳಗಿದೆಯೆಂದರೆ, ಅವನು ಗುಟ್ಟು ಹೇಳಿದರೂ ಮಾರುಕಟ್ಟೆಯ ಗೇಟಿನಲ್ಲಿರುವ ಹಮಾಲರು ಅದಕ್ಕೆ ಅಭಿಪ್ರಾಯ ಕೊಡುತ್ತಾರೆ.

ಅವನ ಧಂದೆಗೆ ಒಂದು ಸಿದ್ಧಾಂತವಿತ್ತು. ಕೆಲಸಕ್ಕೆ ಸೇರುವ ಹುಡುಗರಿಗೆಲ್ಲ ಮೊದಲ ದಿನವೇ ಅದನ್ನು ಬೈಗುಳದ ಜೊತೆ ಕೊಡುತ್ತಿದ್ದ: “ಸೌಂಡು ಅನ್ನೋದು ಪೆಂಡಾಲಲ್ಲಿ ಕುಂತೋನಿಗಲ್ಲಲೇ! ಅವನು ಹೆಂಗೂ ಬಂದವ್ನೆ. ಮದುವೆಗೆ ಬರ್ದೇ ಇರೋನ ಕಿವಿಗೆ ಬೀಳ್ಬೇಕು. ಬಿದ್ದು, ಹೊಟ್ಟೆ ಉರೀಬೇಕು!”

ಆದ್ದರಿಂದಲೇ ಸ್ಪೀಕರ್ ಕಟ್ಟುವಾಗ ‘ಎಷ್ಟು ಬಾಕ್ಸು?’ ಎನ್ನುವುದು ಅವನ ಲೋಕದಲ್ಲಿ ಲೆಕ್ಕದ ಪ್ರಶ್ನೆಯಲ್ಲ, ಮರ್ಯಾದೆಯ ಪ್ರಶ್ನೆ. ಎರಡು ಕಟ್ಟಿದರೆ ನಾಲ್ಕು ಅನ್ನಬೇಕು, ನಾಲ್ಕು ಕಟ್ಟಿದರೆ ಎಂಟು. ಹೆಣ್ಣಿನ ಕಡೆಯವರು ಎಂಟು ಎಂದು ಹೇಳಿಕೊಳ್ಳುತ್ತಾರೆ, ಗಂಡಿನ ಕಡೆಯವರು ಎಂಟು ಎಂದು ಕೇಳಿಸಿಕೊಳ್ಳುತ್ತಾರೆ. ಕಂಬದ ಹತ್ತಿರ ಹೋಗಿ ಎಣಿಸಿ ನೋಡುವಷ್ಟು ಕೀಳುಬುದ್ಧಿ ಇಡೀ ತಾಲೂಕಿನಲ್ಲಿ ಯಾರಿಗೂ ಇರಲಿಲ್ಲ.

ಇಂಥ ಜಂಬುಲಿಂಗಪ್ಪನಿಗೆ ಒಂದು ಭಾನುವಾರ ಬೆಳಿಗ್ಗೆ ಮೊಳಕಾಲ್ಮೂರಿನಿಂದ ಫೋನು ಬಂತು. ಹೆಂಡತಿ ರೇಣುಕಮ್ಮನ ತಮ್ಮ ಹೊನ್ನೂರಸ್ವಾಮಿ.

“ಭಾವ, ನಮ್ಮ ಮಗಳು ಕಾಂಚನಾಗೆ ನಿಶ್ಚಿತಾರ್ಥದಾಗೆ ಹುಡುಗ ಗೇಮಿನ ಪೆಟ್ಟಿಗೆ ಕೊಟ್ಟಿದ್ದನಲ್ಲ, ಟೀವಿಗೆ ಹಾಕ್ಕಂಡು ಆಡೋದು? ಅದಕ್ಕೆ ಅಂತ ಒಂದು ಸೌಂಡ್‌ಬಾರ್ ತಂದೀನಿ. ಮಧ್ಯಾಹ್ನ ಬೀಗರು ಬರ್ತಾರೆ, ಸ್ವಲ್ಪ ಗ್ರಾಂಡಾಗಿ ಕೇಳ್ಲಿ ಅಂತ. ಅದನ್ನ ಸೆಟ್ ಮಾಡ್ಬೇಕಂತೆ.”

“ಸರಿ ಬಿಡು, ಬರ್ತೀನಿ.”

“ಅಯ್ಯೋ, ನೀವ್ಯಾಕೆ ಅಷ್ಟು ದೂರ ಬರ್ತೀರಿ? ಬೀಗರ ಜೊತೆ ಅವ್ರ ಅಕ್ಕನ ಮಗ ನಾಗರಾಜ ಬರ್ತಾವ್ನೆ. ಡೀಜೆ ಇಟ್ಟವ್ನೆ. ಅವನು ನೋಡ್ತಾನಂತೆ. ಮದುವೆ ಸೌಂಡೂ ಅವನೇ ಮಾಡ್ಲಿ ಅಂತ ಬೀಗರು...”

ಹೊನ್ನೂರಸ್ವಾಮಿಯ ವಾಕ್ಯ ಮುಗಿಯಲಿಲ್ಲ. ಈ ಕಡೆಯಿಂದ ಹೊರಟ ಧ್ವನಿಗೆ ಫೋನಿನ ಅಗತ್ಯವಿತ್ತೇ ಎನ್ನುವುದೇ ಸಂಶಯ.

“ಡೀಜೆನಾ! ನಿಮ್ಮನೆ ಮದುವೆಗೆ ಡೀಜೆನಾ! ಲೇ ಸ್ವಾಮಿ, ನಿಮ್ಮಕ್ಕನ್ನ ನಾನು ಧಾರೆ ಎರೆಸ್ಕಂಡ ದಿನ ನಿಮ್ಮನೆ ಬೇವಿನ ಮರಕ್ಕೆ ಮೈಕಿನ ಹಾರನ್ನು ಕಟ್ಟಿದ್ದು ಯಾರಲೇ? ಬಾಸಿಂಗ ಕಟ್ಕಂಡು ನಾನೇ ಮರ ಹತ್ತಿದ್ದೆ ಕಣಲೇ!”

ಅದು ನಿಜವೇ. ಆ ಮನೆಯ ಯಾವ ಕಾರ್ಯಕ್ಕೂ ಬೇರೆಯವರ ಮೈಕು ಬಂದಿರಲಿಲ್ಲ. ಈಗ ಆ ಹಕ್ಕಿಗೆ ಕುತ್ತು.

“ಉಪ್ಪಿಟ್ಟು ತಿಂದ್ಕಂಡು ಹೋಗ್ರಿ,” ಎಂದಳು ರೇಣುಕಮ್ಮ.

“ನಿನ್ನ ತವರುಮನೆಗೆ ಡೀಜೆ ಬರ್ತೈತೆ, ನಾನು ಉಪ್ಪಿಟ್ಟು ತಿನ್ಲಾ?” ಎಂದು ಗುಡುಗಿ ಜಂಬುಲಿಂಗಪ್ಪ ನಿಂತುಕೊಂಡೇ ಉಪ್ಪಿಟ್ಟು ತಿಂದ. ಸಿಟ್ಟಿನಲ್ಲಿ ಇನ್ನೊಂದು ಸಲ ಹಾಕಿಸಿಕೊಂಡ.

ಬಸ್ಸಿನಲ್ಲಿ ತಳಕಿನವರೆಗೆ ಡ್ರೈವರ್ ಹಾಕಿದ್ದ ಹಾಡಿನ ಕೀರಲು ಧ್ವನಿಯ ಬಗ್ಗೆ ಅವನಿಗೆ ಪಾಠ ಹೇಳಿದ. ಹಾನಗಲ್ಲು ಕ್ರಾಸಿನ ಹೊತ್ತಿಗೆ ಡ್ರೈವರ್ ಹಾಡು ನಿಲ್ಲಿಸಿದ್ದ. ಸದ್ದಿಲ್ಲದ ಬಸ್ಸು ಹೆಣ ಸಾಗಿಸುವ ಗಾಡಿಯಂತಿದೆ ಎಂದು ಜಂಬುಲಿಂಗಪ್ಪ ಅದಕ್ಕೂ ಬೈದ.

ಮೊಳಕಾಲ್ಮೂರಿನ ಆ ಮನೆಯಲ್ಲಿ ಅವನಿಗೊಬ್ಬರು ಅತ್ತೆ ಇದ್ದರು, ಮುದ್ದಕ್ಕ. ಹಳೆಯ ಪದ್ಧತಿಯ ಹೆಂಗಸು. ಅಳಿಯನ ಎದುರು ಕೂರುವುದಿಲ್ಲ, ಅಳಿಯನ ಮುಖ ನೋಡಿ ಮಾತಾಡುವುದಿಲ್ಲ. ಜಂಬುಲಿಂಗಪ್ಪ ಅಳಿಯನಾದ ದಿನದಿಂದ ಇವತ್ತಿನವರೆಗೆ ಅವರು ಅವನೊಂದಿಗೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಎಲ್ಲವೂ ನಡುವೆ ಯಾರದೋ ಮೂಲಕ. “ಅಳಿಯಂದಿರು ಕಾಫಿ ಕುಡೀತಾರಾ ಕೇಳು,” ಎಂದು ಮೊಮ್ಮಗಳಿಗೆ. ಮೊಮ್ಮಗಳಿಲ್ಲದಿದ್ದರೆ ಪಡಸಾಲೆಯ ಕಂಬಕ್ಕೆ. ಜಂಬುಲಿಂಗಪ್ಪನೂ “ಅರ್ಧ ಲೋಟ ಸಾಕು,” ಎಂದು ಅದೇ ಕಂಬಕ್ಕೆ ಹೇಳುತ್ತಿದ್ದ. ಆ ಕಂಬಕ್ಕೆ ಆ ಮನೆಯ ಒಳಗುಟ್ಟೆಲ್ಲ ಗೊತ್ತಿತ್ತು.

ಅವನು ಹೋದಾಗ ಕಾಂಚನಾ ಆಗಲೇ ವೈರು ಸಿಕ್ಕಿಸಿ, ಟೀವಿಯ ಕೆಳಗೆ ಸೌಂಡ್‌ಬಾರ್ ಇಟ್ಟು, ಮೂಲೆಯಲ್ಲಿ ಅದರ ಜೊತೆಗಾರ ವೂಫರನ್ನು ಕೂರಿಸಿದ್ದಳು. ಸದ್ದೂ ಬಾರಿನಿಂದಲೇ ಬರುತ್ತಿತ್ತು. ಇದರಿಂದ ಜಂಬುಲಿಂಗಪ್ಪನಿಗೆ ತುಂಬ ಬೇಸರವಾಯಿತು.

“ಇದೇನವ್ವ ಇದು? ಬಾಗಿಲ ಪಟ್ಟಿ ಇದ್ದಂಗೈತೆ! ಇದ್ರಾಗೆ ಸೌಂಡಾ?”

“ಆಯ್ತು ಮಾವ, ಇದೊಂದು ಉಳಿದೈತೆ ನೋಡ್ರಿ.” ಟೀವಿಯ ಮೇಲೆ ಒಂದು ಚಿತ್ರ ಬಂದಿತ್ತು. ನಡುವೆ ಒಂದು ಕುರ್ಚಿ, ಅದರ ಸುತ್ತ ಪುಟ್ಟ ಪುಟ್ಟ ಪೆಟ್ಟಿಗೆಗಳು. “ನಿಮ್ಮಲ್ಲಿ ಎಷ್ಟು ಸ್ಪೀಕರ್ ಐತೆ ಅಂತ ಕೇಳ್ತೈತೆ. ಈ ಬಾರಿನೊಳಗೆ ಎಡಕ್ಕೊಂದು, ಬಲಕ್ಕೊಂದು ಐತೆ. ಎರಡು ಅಂತ ಹಾಕಿದ್ರೆ ಮುಗೀತು.”

ಜಂಬುಲಿಂಗಪ್ಪ ಹೌಹಾರಿದ.

“ಎರಡಾ? ಮಾರಮ್ಮ ಸೌಂಡ್ಸ್‌ನೋನು ಹೆಣ್ಣು ತಂದ ಮನೇಲಿ ಎರಡಾ? ಬೀಗರು ಬರೋ ಹೊತ್ನಾಗೆ ಎರಡು ಅಂತ ಟೀವಿ ಮ್ಯಾಲೆ ಬರೆಸ್ತೀಯಾ? ಜಾಸ್ತಿ ಎಷ್ಟೈತೆ ತೋರ್ಸು!”

“ಜಾಸ್ತಿ ಅಂದ್ರೆ ಏಳು ಬಾಕ್ಸು, ಒಂದು ವೂಫರು. ಆದ್ರೆ ಅದು...”

“ಎಂಟು! ಎಂಟು ಹಾಕು!”

“ಮಾವ, ಎಂಟಕ್ಕೂ ಬೇರೆ ಬೇರೆ ಕೆಲ್ಸ ಹಂಚ್ತೈತೆ ಅದು. ನೋಡ್ರಿ, ಈ ನಡುವಿಂದು ಮಾತಿಗಂತೆ. ನಮ್ಮ ಹತ್ರ ಅದಿಲ್ವಲ್ಲ.”

“ಇಲ್ಲ ಅಂತ ಅದಕ್ಕೆ ಹೇಳೋರ್ಯಾರು? ಅದೇನು ಎದ್ದು ಬಂದು ಎಣಿಸ್ತೈತಾ?” ಎಂದು ಕಂಟ್ರೋಲರನ್ನು ಅವಳ ಕೈಯಿಂದ ಕಿತ್ತುಕೊಂಡು ಜಂಬುಲಿಂಗಪ್ಪ ತಾನೇ ಒತ್ತಿದ.

ಗೇಮಿನ ಪೆಟ್ಟಿಗೆ ಮರುಮಾತಾಡದೆ ಒಪ್ಪಿಕೊಂಡಿತು. ಜಂಬುಲಿಂಗಪ್ಪನ ಇಷ್ಟು ವರ್ಷದ ವ್ಯವಹಾರದಲ್ಲಿ ಅವನು ಹೇಳಿದ ಲೆಕ್ಕವನ್ನು ಪೂರ್ತಿ ನಂಬಿದ ಮೊದಲ ಗಿರಾಕಿ ಅದು. ಅಡುಗೆಮನೆಯ ಬಾಗಿಲಲ್ಲಿ ಮುದ್ದಕ್ಕ ತಲೆಯ ಮೇಲಿನ ಸೆರಗು ಎಳೆದುಕೊಂಡು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು.

ಪರೀಕ್ಷೆಗೆಂದು ಕಾಂಚನಾ ಆಟ ಶುರುಮಾಡಿದಳು. ಕುದುರೆ ಓಡಿತು. ಖುರಪುಟದ ಸದ್ದಿಗೆ ಗೂಡಿನಲ್ಲಿದ್ದ ಕುಂಕುಮದ ಭರಣಿ ಹೆಜ್ಜೆ ಹಾಕಿತು.

“ಕೇಳ್ತಾ? ಇದಪ್ಪ ಎಂಟು ಬಾಕ್ಸಿನ ಮನೆ!” ಎಂದು ಜಂಬುಲಿಂಗಪ್ಪ ಭಾವಮೈದುನನ ಮೇಲೆ ರೇಗಿದ. ಸಂತೋಷವಾದರೂ ಅವನು ರೇಗಿಯೇ ತೋರಿಸುವುದು.

ಮಧ್ಯಾಹ್ನ ಬೀಗರು ಬೊಮ್ಮಲಿಂಗಪ್ಪನವರು ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಜರಿ ಟವಲು, ಕುಳಿತ ಕಡೆಯೆಲ್ಲ ಸಭೆಯೆಂದೇ ತಿಳಿಯುವ ಮನುಷ್ಯ. ಅವರ ಹಿಂದೆ ನಾಗರಾಜ. ಅವನ ಅಂಗಿಯ ಮೇಲೆ ಮಿಂಚಿನ ಚಿತ್ರವಿತ್ತು. ಜಂಬುಲಿಂಗಪ್ಪನ ಕಣ್ಣು ಅದರ ಮೇಲೆ ಬಿದ್ದದ್ದೇ ಅವನ ಮೂಗಿನ ಹೊಳ್ಳೆಗಳು ಅರಳಿದವು.

ಕಾಫಿ ಬಂತು. ಅದರ ಹಿಂದೆಯೇ ಬಾಗಿಲಿನಿಂದ ಒಂದು ಮಾತೂ ಬಂತು: “ಕಾಂಚನಾ, ಎಲ್ರೂ ಕುಂತವ್ರೆ, ನನ್ನ ಕತೆ ಹಾಕವ್ವ.”

ಇದನ್ನು ಸ್ವಲ್ಪ ವಿವರಿಸಬೇಕು. ಆ ಆಟ ಕಾಂಚನಾಳಿಗೆ ಆಟ, ಮುದ್ದಕ್ಕನಿಗೆ ಧಾರಾವಾಹಿ. ಮೊಮ್ಮಗಳು ಆಡುತ್ತಿದ್ದರೆ ಅಜ್ಜಿ ಹಿಂದೆ ಕೂತು ಕಡಲೆ ಬಿಡಿಸುತ್ತಾ ನೋಡುವುದು, ಆ ಇಂಗ್ಲಿಷ್ ಮಾತುಗಳನ್ನು ಮೊಮ್ಮಗಳು ಕನ್ನಡ ಮಾಡಿ ಹೇಳುವುದು. ಕುದುರೆ ಸವಾರಿ ಮಾಡುವ ಒಬ್ಬ ಅನಾಥ ಹುಡುಗಿ, ಅವಳಿಗೆ ದಾರಿ ತೋರಿಸುವ ಒಬ್ಬ ಮುದುಕ. ಹುಡುಗಿಯ ತಂದೆ ಯಾರೆಂದು ಆ ಮುದುಕನಿಗೊಬ್ಬನಿಗೇ ಗೊತ್ತು. ಹಿಂದಿನ ಸಂಜೆ ಅವನು ಹಾಸಿಗೆ ಹಿಡಿದು, “ಹೇಳ್ತೀನಿ, ಹತ್ರ ಬಾ,” ಎಂದು ಕೆಮ್ಮಿದ್ದ. ಅಷ್ಟರಲ್ಲಿ ಕರೆಂಟು ಹೋಗಿತ್ತು. ಮುದ್ದಕ್ಕನಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಅದೂ ಅಲ್ಲದೆ ಆ ಮುದುಕನ ಗಂಟಲು ಥೇಟ್ ತಮ್ಮ ಯಜಮಾನರ ಗಂಟಲಿನಂತಿದೆ ಎಂದು ಅವರು ಮೊಮ್ಮಗಳ ಕಿವಿಯಲ್ಲಿ ಮಾತ್ರ ಹೇಳಿದ್ದರು. ಯಜಮಾನರು ತೀರಿಕೊಂಡು ಬಹಳ ಕಾಲವಾಗಿತ್ತು.

ಕಾಂಚನಾ ಶುರುಮಾಡಿದಳು. ಗುಡಿಸಲು. ಹೊರಗೆ ಗಾಳಿ ಬೀಸುವುದು ಕೇಳಿತು. ಒಲೆಯಲ್ಲಿ ಬೆಂಕಿ ಚಟಪಟ ಅಂದದ್ದು ಕೇಳಿತು. ಎಲ್ಲೋ ಕಾಗೆ ಕೂಗಿದ್ದೂ ಕೇಳಿತು. ಮುದುಕ ಹುಡುಗಿಯ ಕೈ ಹಿಡಿದು ಬಾಯಿ ತೆರೆದ.

ಏನೂ ಕೇಳಲಿಲ್ಲ.

ತುಟಿ ಆಡಿತು, ಗಡ್ಡ ಅಲ್ಲಾಡಿತು, ಕಣ್ಣಲ್ಲಿ ನೀರೂ ಬಂತು. ಹುಡುಗಿ “ಆ!” ಎನ್ನುವಂತೆ ಬಾಯಿ ತೆರೆದಳು. ಅದೂ ಕೇಳಲಿಲ್ಲ. ಮುದುಕ ಕತ್ತು ಹೊರಳಿಸಿ ಪ್ರಾಣ ಬಿಟ್ಟ. ಕಾಗೆ ಮಾತ್ರ ಸ್ಪಷ್ಟವಾಗಿ ಇನ್ನೊಮ್ಮೆ ಕೂಗಿತು.

“ಯಾರಿವ್ರು? ತೀರ್ಕಂಡ್ರಾ?” ಎಂದು ಕೇಳಿದರು ಬೊಮ್ಮಲಿಂಗಪ್ಪನವರು, ಕಾಫಿ ಲೋಟ ಅರ್ಧದಲ್ಲೇ ಹಿಡಿದು.

“ಕಾಂಚನಾ,” ಬಾಗಿಲಿನಿಂದ ಧ್ವನಿ ಬಂತು. “ಮುದುಕ ಏನಂದ?”

“ಕೇಳ್ಲಿಲ್ಲ ಅಜ್ಜಿ.”

“ಅಳಿಯಂದಿರಿಗೆ ಹೇಳು, ಮುದುಕನ ಮಾತು ಕೇಳ್ತಿಲ್ಲ ಅಂತ.”

“ಕಾಂಚನಾ, ನಿಮ್ಮಜ್ಜಿಗೆ ಹೇಳು, ವಾಲ್ಯೂಮ್ ಕಮ್ಮಿ ಐತೆ ಅಂತ!” ಎಂದು ಜಂಬುಲಿಂಗಪ್ಪ ವಾಲ್ಯೂಮ್ ಏರಿಸಿದ. “ಮತ್ತೆ ಹಾಕು!”

ಕಾಂಚನಾ ಮತ್ತೆ ಹಾಕಿದಳು. ಈ ಸಲ ಗಾಳಿ ಬಿರುಗಾಳಿಯಾಯಿತು, ಕಾಗೆ ನಡುಮನೆಗೇ ಬಂದು ಕೂತಂತಾಯಿತು. ಮುದುಕ ಬಾಯಾಡಿಸಿದ, ಮೌನವಾಗಿ ಸತ್ತ.

ಬೊಮ್ಮಲಿಂಗಪ್ಪನವರು ಲೋಟ ಕೆಳಗಿಟ್ಟರು.

“ಬೀಗರೇ, ನಾವು ಬಂದಿರೋದು ಮದುವೆ ಮಾತಿಗೆ. ಬಂದ ಗಳಿಗೇಲಿ ಒಂದು ಸಾವು ತೋರ್ಸಿದ್ರಿ, ಗೊತ್ತಾಗ್ದೆ ಆಯ್ತು ಅಂದ್ಕಂಡೆ. ಅದನ್ನೇ ಎರಡನೇ ಸಲ ತೋರ್ಸಿದ್ರೆ ಏನಂತ ತಿಳ್ಕಳ್ಳಾನ?”

ಹೊನ್ನೂರಸ್ವಾಮಿ ಎದ್ದು ಟೀವಿಗೆ ಅಡ್ಡ ನಿಂತ. “ಆರಿಸವ್ವ, ಆರಿಸು!” ಎಂದ.

“ಆರಿಸ್ಬ್ಯಾಡ!” ಎಂದು ಜಂಬುಲಿಂಗಪ್ಪ ಅಬ್ಬರಿಸಿದ. “ನನ್ನ ಕೈ ಮುಟ್ಟಿದ ಸೆಟ್ಟು ಮಾತಾಡ್ದೆ ಆರಿದ್ದೇ ಇಲ್ಲ!”

“ಮಾವ,” ಎಂದಳು ಕಾಂಚನಾ ಮೆಲ್ಲಗೆ, “ಎರಡು ಅಂತ ಹಾಕಾನಾ?”

“ಸುಮ್ನಿರವ್ವ ನೀನು! ಬೀಗರ ಮುಂದೆ ಎರಡು ಎರಡು ಅಂತ!”

ಇಷ್ಟು ಹೊತ್ತು ತುಟಿಯಂಚಿನಲ್ಲಿ ನಗುತ್ತಿದ್ದ ನಾಗರಾಜ ಎದ್ದು ನಿಂತ. “ಜಂಬಣ್ಣ, ಬಿಡ್ರಿ. ನಿಮ್ದು ಹಾರನ್ ಕಾಲ. ಇದು ಡಿಜಿಟಲ್ಲು. ಎಷ್ಟಕ್ಕೆ ಇಟ್ಟೀರಿ? ಎಂಟಾ? ಎಂಟು ಮಿನಿಮಮ್ಮು. ನನ್ನ ಡೀಜೆಗೆ ಹದಿನಾರು. ಇಲ್ಲಿ ಪ್ರಾಬ್ಲಮ್ಮು ಬೇಸಿಂದು.”

ಅವನು ಬೇಸ್ ಏರಿಸಿದ. ಆಮೇಲೆ ಕಂಟ್ರೋಲರಿನಲ್ಲಿ ಎಲ್ಲಿಗೋ ಹೋಗಿ, ಯಾವುದೋ ಇಂಗ್ಲಿಷ್ ಹೆಸರು ತೆಗೆದು ಇನ್ನೊಂದು ಇಂಗ್ಲಿಷ್ ಹೆಸರು ಹಾಕಿದ. ಒಂದು ಕಡೆ ‘ನೈಟ್ ಮೋಡ್’ ಎಂದಿತ್ತು. ಅದನ್ನು ಕಂಡು ಜಂಬುಲಿಂಗಪ್ಪ, “ಅದನ್ನ ಮುಟ್ಟಬ್ಯಾಡ. ಅದು ಹತ್ತು ಗಂಟೆ ಮ್ಯಾಲೆ ಪೊಲೀಸ್ನೋರು ಬಂದಾಗ ಹಾಕೋದು,” ಎಂದ. ಇಬ್ಬರಿಗೂ ಒಮ್ಮತ ಮೂಡಿದ್ದು ಇದೊಂದರಲ್ಲೇ.

ಮುದುಕ ಮೂರನೆಯ ಸಲ ಸತ್ತ. ಈ ಸಲ ಒಲೆಯ ಬೆಂಕಿ ಕ್ವಾರಿಯಲ್ಲಿ ಬಂಡೆ ಸಿಡಿದಂತೆ ಸಿಡಿಯಿತು. ಮಾತು ಮಾತ್ರ ಇಲ್ಲ.

“ಪೀಸೇ ಡಿಫೆಕ್ಟು,” ಎಂದ ನಾಗರಾಜ.

“ಲೇ, ನಿನ್ನ ತಲೆ ಡಿಫೆಕ್ಟು!”

“ನೋಡ್ರಿ ಮಾವ, ಹೆಂಗೆ ಮಾತಾಡ್ತಾರೆ!” ಎಂದು ನಾಗರಾಜ ಬೀಗರಿಗೆ ದೂರು ಹೇಳಿದ.

ಬೊಮ್ಮಲಿಂಗಪ್ಪನವರಿಗೂ ಈಗ ಸಿಟ್ಟು ಹತ್ತಿತ್ತು. ಜರಿ ಟವಲನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡು ತೀರ್ಪು ಕೊಡುವ ಧ್ವನಿಯಲ್ಲಿ ಅಂದರು: “ಇಬ್ರೂ ಬಾಯಿ ಮುಚ್ಚಿ. ಇಬ್ರೂ ಸೌಂಡ್ನೋರು. ಇಬ್ರಿಗೂ ನಮ್ಮ ಮದುವೆ ಬೇಕು. ಒಂದು ಮುದುಕನ ಬಾಯಿ ಬಿಡಿಸಕ್ಕಾಗ್ದೋರು ನಾಳೆ ಪುರೋಹಿತರ ಮಂತ್ರ ಏನು ಕೇಳಿಸ್ತೀರಿ? ಆ ಮುದುಕನ್ನ ಯಾರು ಮಾತಾಡಿಸ್ತೀರೋ, ಮದುವೆ ಸೌಂಡು ಅವ್ರದು. ಮುಗೀತು.”

ಜಂಬುಲಿಂಗಪ್ಪನ ಕಣ್ಣಿಗೆ ಬೇವಿನ ಮರ ಬಂತು, ಹಾರನ್ನು ಬಂತು, ಅದೇ ಮರದ ಮೇಲೆ ಮಿಂಚಿನ ಅಂಗಿಯ ನಾಗರಾಜ ಕೂತಿದ್ದೂ ಬಂತು. ಹಲ್ಲು ಕಚ್ಚಿ ರಿಮೋಟು ಹಿಡಿದು ವಾಲ್ಯೂಮನ್ನು ಅದು ಇನ್ನು ಏರುವುದಿಲ್ಲ ಎನ್ನುವವರೆಗೆ ಏರಿಸಿದ.

“ಹಾಕು!”

ಆಮೇಲಿನದನ್ನು ಆ ಬೀದಿಯವರು ಈಗಲೂ ಹೇಳುತ್ತಾರೆ. ಗಾಳಿಗೆ ಗೋಡೆಯ ಕ್ಯಾಲೆಂಡರು ಬಿತ್ತು. ಒಲೆಯ ಸದ್ದಿಗೆ ಹಿತ್ತಲಿನ ಎಮ್ಮೆ ಗೂಟ ಕಿತ್ತಿತು. ಕಾಗೆಯ ಕೂಗಿಗೆ ಮೊಳಕಾಲ್ಮೂರಿನ ನಿಜವಾದ ಕಾಗೆಗಳು ಮಾಳಿಗೆ ಮೇಲೆ ಬಂದು ಕುಳಿತು ಉತ್ತರ ಕೊಟ್ಟವು. ಮುದುಕ, ಪಾಪ, ಬಾಯಾಡಿಸಿ ನಾಲ್ಕನೆಯ ಸಲ ಸತ್ತ.

ಬಾಗಿಲು ದಡಾರೆಂದು ತೆರೆಯಿತು. ಪಕ್ಕದ ಮನೆಯ ನೇಕಾರ ತಿಪ್ಪಯ್ಯ ನಿಂತಿದ್ದ, ಕೈಯಲ್ಲಿ ಮಗ್ಗದ ಲಾಳಿ ಹಿಡಿದು.

“ಏಂದಪ್ಪಾ ಈ ಗೋಲ, ಈ ಗಲಾಟೆ! ಏ ಸ್ವಾಮಿ, ಮನೇಲಿ ಮನುಷ್ಯರಿದೀರೋ, ಕಲ್ಲು ಕ್ವಾರಿ ಇಟ್ಟೀರೋ? ಮಗ್ಗದ ಗುಂಡೀಲಿ ಕುಂತು ನೇಯ್ತಿದ್ದೆ. ಗುದ್ದಿದ ಗುದ್ದಿಗೆ ಮಗ್ಗ ಅದುರಿ ಎಳೆ ಹರಿದೋದ್ವು!”

“ಇನ್ನೊಂದು ನೇಯಿ!” ಎಂದು ಜಂಬುಲಿಂಗಪ್ಪ ತಿರುಗಿಬಿದ್ದ. “ನಿನ್ನ ಎರಡೆಳೆಗೆ ನಮ್ಮ ಮಾನ ತೆಗೀತೀಯಾ?”

“ಯಾರ ಸೀರೆ ಅನ್ಕಂಡ್ರಿ? ನಿಮ್ಮ ಕಾಂಚನಾದೇ ಕಣ್ರೀ! ಧಾರೆ ಸೀರೆ!”

ತಕ್ಷಣ ಎಲ್ಲರೂ ಒಟ್ಟಿಗೆ ಶುರುಮಾಡಿದರು. ಧಾರೆ ಸೀರೆಯ ಎಳೆ ಹರಿಯುವುದು ಶಕುನವೋ ಅಲ್ಲವೋ ಎಂದು ಬೊಮ್ಮಲಿಂಗಪ್ಪನವರು. ಸೆರಗೋ ಒಡಲೋ ಎಂದು ಹೊನ್ನೂರಸ್ವಾಮಿ. ಹರಿಸಿದ್ದು ನಾಗರಾಜನ ಬೇಸು ಎಂದು ಜಂಬುಲಿಂಗಪ್ಪ, ಜಂಬಣ್ಣನ ವಾಲ್ಯೂಮು ಎಂದು ನಾಗರಾಜ. ಕಾಂಚನಾ ನಡುವೆ ನುಸುಳಿ, “ಎರಡು ಅಂತ ಹಾಕಾನಾ ಮಾವ? ಇಲ್ಲಾಂದ್ರೆ ಕೆಳಗೆ ಅಕ್ಷರ ಬರಂಗೆ ಮಾಡ್ತೀನಿ, ಓದಿ ಹೇಳ್ತೀನಿ,” ಎಂದಳು.

“ಓದೋದಾದ್ರೆ ಪೇಪರ್ ತರಿಸ್ಕಳ್ಳಿ!” ಎಂದು ಜಂಬುಲಿಂಗಪ್ಪ ಕಿರುಚಿದ. “ಸೌಂಡ್ನೋನು ಇರೋ ಮನೇಲಿ ಅಕ್ಷರ ಓದ್ತಾರಂತೆ! ಈ ಡಬ್ಬಿ ಕಳ್ಳ ಡಬ್ಬಿ! ಎಂಟು ಅಂತ ನಾನು ಬಾಯಿಬಿಟ್ಟು ಹೇಳಿದೀನಿ, ಇದಕ್ಕೆ ಕಿವಿ ಇಲ್ಲ!”

“ಏ ಜಂಬುಲಿಂಗಪ್ಪಾ!”

ಎಲ್ಲರೂ ತಿರುಗಿದರು. ಅಡುಗೆಮನೆಯ ಹೊಸಿಲು ದಾಟಿ ಮುದ್ದಕ್ಕ ನಡುಮನೆಗೆ ಬಂದಿದ್ದರು. ತಲೆಯ ಮೇಲಿನ ಸೆರಗು ಹೆಗಲಿಗೆ ಜಾರಿತ್ತು. ಒಂದು ಕೈಯಲ್ಲಿ ಸೌಟು.

ಜಂಬುಲಿಂಗಪ್ಪ ಹಳೆಯ ರೂಢಿಯಂತೆ ಕಂಬದ ಕಡೆ ನೋಡಿದ.

“ಕಂಬಕ್ಕಲ್ಲ, ನಿನಗೇ ಹೇಳ್ತಿರೋದು. ಇತ್ಲಾಗ್ ನೋಡು! ಆ ಪೆಟ್ಟಿಗೆ ನಿನ್ನ ಏನು ಕೇಳ್ತು?”

“ಎಷ್ಟು ಬಾಕ್ಸು ಐತೆ ಅಂತ...” ಶೇಂಗಾ ಮಿಲ್ಲುಗಳನ್ನು ಸೋಲಿಸಿದ ಗಂಟಲು ಈಗ ಪಕ್ಕದವನಿಗೂ ಸರಿಯಾಗಿ ಕೇಳಲಿಲ್ಲ.

“ನೀನೇನಂದೆ?”

“ಎಂಟು.”

“ಎಷ್ಟೈತೆ?”

ಜಂಬುಲಿಂಗಪ್ಪ ಬೀಗರನ್ನು ನೋಡಿದ, ನಾಗರಾಜನನ್ನು ನೋಡಿದ, ಬಾರನ್ನು ನೋಡಿದ.

“ಹೇಳಲ್ವಾ? ನಾನು ಹೇಳ್ತೀನಿ. ಎಂಟು ಅಂದ್ಯಲ್ಲ, ಅದು ನಿನ್ನ ಮಾತು ನಂಬಿ ಎಂಟು ಎಲೆ ಹಾಕೈತೆ. ಗಾಳಿ ಒಂದೆಲೆಗೆ ಬಡಿಸ್ತು, ಬೆಂಕಿ ಒಂದೆಲೆಗೆ, ಆ ಹಾಳು ಕಾಗೆ ಒಂದೆಲೆಗೆ. ಮುದುಕನ ಮಾತು ನಡುವಿನೆಲೆಗೆ. ಕಾಂಚನಾ ಬೆಳಿಗ್ಗೆನೇ ಹೇಳಿದ್ಲು, ನಾನು ಬಾಗ್ಲಾಗೆ ನಿಂತು ಕೇಳೀನಿ. ನಡುವಿನೆಲೆ ಮುಂದೆ ಯಾರು ಕುಂತವ್ರೆ? ಯಾರಿಲ್ಲ! ಬಡಿಸಿದ್ದು ಬಡಿಸಿದಂಗೇ ಐತೆ, ಉಣ್ಣೋರಿಲ್ಲ! ಅದು ಕಳ್ಳ ಪೆಟ್ಟಿಗೆ ಅಲ್ಲಪ್ಪ, ನೀನು ಕಳ್ಳ ಲೆಕ್ಕದೋನು! ಊಟಕ್ಕೆ ಎಷ್ಟು ಜನ ಅಂತ ಅಡುಗೆ ಮಾಡೋಳು ಕೇಳಿದ್ರೆ ಇದ್ದಷ್ಟು ಹೇಳ್ಬೇಕು. ಮರ್ಯಾದೆಗೆ ಅಂತ ಎಂಟು ಹೇಳಿ, ಇರೋ ಇಬ್ರನ್ನ ಉಪವಾಸ ಕೆಡವಿದೀಯ! ನಾಲ್ಕು ಸಲ ಸತ್ತ ಕಣೋ ಆ ಮುದುಕ, ಒಂದು ಮಾತಿಗೆ! ಒತ್ತು! ಎರಡು ಅಂತ ಒತ್ತು!”

ಕಾಂಚನಾ ಕಂಟ್ರೋಲರನ್ನು ಮಾವನ ಕೈಗೆ ಕೊಟ್ಟಳು. ಬೀಗರ ಎದುರಿಗೆ, ಎದುರಾಳಿಯ ಎದುರಿಗೆ, ನೇಕಾರನ ಎದುರಿಗೆ ಅವನು ಟೀವಿಯ ಮೇಲಿನ ‘ಎರಡು’ ಎಂಬ ಅಂಕೆಯ ಮೇಲೆ ಒತ್ತಿದ. ಕುರ್ಚಿಯ ಸುತ್ತಲಿದ್ದ ಪುಟ್ಟ ಪೆಟ್ಟಿಗೆಗಳು ಒಂದೊಂದಾಗಿ ಮಾಯವಾಗಿ ಮುಂದೆ ಎರಡು ಉಳಿದವು. ಕಾಂಚನಾ ವಾಲ್ಯೂಮ್ ಇಳಿಸಿ ಕತೆ ಹಾಕಿದಳು.

ಗಾಳಿ ಹದವಾಗಿ ಬೀಸಿತು. ಬೆಂಕಿ ಒಲೆಯೊಳಗೇ ಇತ್ತು. ಮುದುಕ ಬಾಯಿ ತೆರೆದ. ಬಾರಿನೊಳಗಿಂದ ಒಂದು ಒರಟು, ನಿಧಾನದ ಗಂಟಲು ಕೆಮ್ಮಿಕೊಂಡು ಹೊರಬಂತು. ಮುದ್ದಕ್ಕನ ಸೌಟು ಕೆಳಗಿಳಿಯಿತು.

“ಏನಂದ್ರು?” ಎಂದು ಬೊಮ್ಮಲಿಂಗಪ್ಪನವರು ಪಿಸುಗುಟ್ಟಿದರು.

“‘ನಿಮ್ಮಪ್ಪ ನಾನೇ ಕಣವ್ವ. ಪಕ್ಕದಾಗೇ ಇದ್ದೆ, ಹೇಳಕ್ಕೆ ಬಾಯಿ ಬರ್ಲಿಲ್ಲ’ ಅಂತ,” ಎಂದಳು ಕಾಂಚನಾ.

“ನಂಗೆ ಗೊತ್ತಿತ್ತು,” ಎಂದರು ಮುದ್ದಕ್ಕ, ಸೆರಗಿನ ತುದಿಯಿಂದ ಮೂಗು ಒರೆಸಿಕೊಳ್ಳುತ್ತಾ.

ಮುದುಕ ಐದನೆಯ ಸಲ ಸತ್ತ. ಮೊದಲ ಸಲ ಯಾರಿಗಾದರೂ ದುಃಖವಾದದ್ದು ಈಗಲೇ. ತಿ‍ಪ್ಪಯ್ಯ ಲಾಳಿ ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಂಡ. ಬೊಮ್ಮಲಿಂಗಪ್ಪನವರು ಜರಿ ಟವಲಿನಲ್ಲಿ ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂತರು. ಆಮೇಲೆ ಟವಲು ಸರಿಸಿ, “ಇನ್ನೊಂದ್ಸಲ ಹಾಕವ್ವ,” ಎಂದರು.

ಅದೂ ಆಯಿತು. ಇನ್ನು ತೀರ್ಪು ಉಳಿದಿತ್ತು.

“ಮುದುಕನ್ನ ಮಾತಾಡಿಸಿದೋರದ್ದು ಮದುವೆ ಸೌಂಡು ಅಂದಿದ್ದೆ,” ಎಂದರು ಬೊಮ್ಮಲಿಂಗಪ್ಪನವರು. “ಮಾತಾಡಿಸಿದ್ದು ಅಮ್ಮಾರು. ಅವ್ರೇ ಹೇಳ್ಲಿ.”

ಮುದ್ದಕ್ಕನಿಗೆ ಅಷ್ಟೊತ್ತಿಗೆ ತಾವು ನಡುಮನೆಯಲ್ಲಿ ನಿಂತಿರುವುದು ಅರಿವಿಗೆ ಬಂದಿತ್ತು. ಸೆರಗು ತಲೆಗೆಳೆದುಕೊಂಡು ಕಂಬದ ಕಡೆ ತಿರುಗಿದರು. “ಬೀಗರಿಗೆ ಹೇಳು, ಆ ಹುಡುಗ ಲೈಟು ಹಾಕ್ಲಿ ಅಂತ. ಲೈಟಿಗೆ ಸದ್ದಿಲ್ಲ.” ಆಮೇಲೆ ಕಂಬವನ್ನು ಅಲ್ಲೇ ಬಿಟ್ಟು ಅಳಿಯನ ಮುಖ ನೋಡಿದರು. “ಮೈಕು ನೀನೇ ಹಾಕಪ್ಪ. ಎರಡೇ ಬಾಕ್ಸು. ಮಂತ್ರ ಕೇಳ್ಬೇಕು. ನನ್ನ ಮೊಮ್ಮಗಳು ಅಳೋದು ಕೇಳ್ಬೇಕು. ಮೂರನೇದು ಕಂಡ್ರೆ ನಾನೇ ಇಳಿಸ್ತೀನಿ.”

ಜಂಬುಲಿಂಗಪ್ಪ ಸಂಜೆ ಚಳ್ಳಕೆರೆಯಲ್ಲಿ ಬಸ್ಸಿಳಿದಾಗ ಧುಮುಗುಡುತ್ತಿದ್ದ. ಅಂಗಡಿಗೂ ಹೋಗದೆ ನೇರ ಮನೆಗೆ ಬಂದು ಚಪ್ಪಲಿಯನ್ನು ಎರಡು ದಿಕ್ಕಿಗೆ ಎಸೆದ.

“ಎರಡಂತೆ ಕಣೇ! ಮದುವೆಗೆ ಎರಡು ಬಾಕ್ಸಂತೆ! ಚಳ್ಳಕೆರೇಲಿ ತಿಥಿಗೂ ನಾಲ್ಕು ಹಾಕ್ತೀನಿ ನಾನು. ಎಲ್ರ ಮುಂದೆ ಬೈದ್ರು ನಿಮ್ಮವ್ವ. ಸೌಟು ಹಿಡ್ಕಂಡು!”

“ಯಾರಿಗೆ ಬೈದ್ಲು? ಕಂಬಕ್ಕಾ?”

“ಕಂಬಕ್ಯಾಕೆ? ನನಗೇ! ನನ್ನ ಮುಖ ನೋಡಿ! ಹೆಸರು ಹಿಡಿದು!”

ರೇಣುಕಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. “ಹೆಸರು ಹಿಡಿದು?”

“ಹೂಂ ಮತ್ತೆ! ‘ಏ ಜಂಬುಲಿಂಗಪ್ಪಾ’ ಅಂತ. ‘ಕಳ್ಳ ಲೆಕ್ಕದೋನು’ ಅಂತ. ‘ಇತ್ಲಾಗ್ ನೋಡು’ ಅಂತ!” ಎಂದು ಅವನು ಒಂದೂ ಬಿಡದಂತೆ ಒಪ್ಪಿಸಿದ. ಎಣ್ಣೆ ಮಿಲ್ಲಿನ ಸಂಘದವರು ಸನ್ಮಾನ ಮಾಡಿ ಶಾಲು ಹೊದಿಸಿದ ದಿನವೂ ಅವನು ಮನೆಗೆ ಬಂದು ಇಷ್ಟು ವಿವರವಾಗಿ ಹೇಳಿರಲಿಲ್ಲ.

ರೇಣುಕಮ್ಮ ಫೋನು ತೆಗೆದು ತವರಿಗೆ ಹಚ್ಚಿದಳು, ಸ್ಪೀಕರಿಗೆ ಹಾಕಿದಳು. “ಅವ್ವಾ,” ಎನ್ನುವಷ್ಟರಲ್ಲಿ ಜಂಬುಲಿಂಗಪ್ಪ ನಡುವೆ ನುಗ್ಗಿದ.

“ರೇಣುಕಾ, ನಿಮ್ಮವ್ವನಿಗೆ ಹೇಳು, ಕಡೇ ಪಕ್ಷ ನಾಲ್ಕಾದ್ರೂ...”

“ನನಗೇ ಹೇಳಪ್ಪ,” ಎಂದಿತು ಫೋನು. “ಇಲ್ಲೇ ಇದೀನಲ್ಲ.”

ತಾಲೂಕಿಗೆಲ್ಲ ಮೈಕು ಕಟ್ಟಿದ ಜಂಬುಲಿಂಗಪ್ಪನ ತುಟಿ ಆಡಿತು, ಮೀಸೆ ಅಲ್ಲಾಡಿತು. ಏನೂ ಕೇಳಲಿಲ್ಲ.

“ಎಷ್ಟು ಬಾಕ್ಸು?”

“ಎರಡು, ಅತ್ತೆ.”

“ಕೇಳ್ತಿಲ್ಲ. ಜೋರಾಗಿ ಹೇಳು.”

“ಎರಡು!” ಎಂದು ಜಂಬುಲಿಂಗಪ್ಪ ಕೂಗಿದ. ಎಣ್ಣೆ ಮಿಲ್ಲು ದಾಟಿ, ಮಾರುಕಟ್ಟೆ ದಾಟಿ ಹೋದ ಕೂಗು ಅದು. ಗೇಟಿನಲ್ಲಿ ಬೀಡಿ ಹಚ್ಚುತ್ತಿದ್ದ ಹಮಾಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಂಬುಲಿಂಗಪ್ಪ ಎರಡು ಅಂದದ್ದನ್ನು ಅವರು ಹುಟ್ಟಿದ ಮೇಲೆ ಕೇಳಿರಲಿಲ್ಲ. ಮೈಗೆ ಹುಷಾರಿಲ್ಲವೇನೋ ಎಂದುಕೊಂಡು, ವಿಚಾರಿಸಿ ಬರೋಣವೆಂದು ಎದ್ದರು.